ಒಂದು ಸೈಜ್ ಮೇಲೆ ಹಾಕಿಸಬೇಕೇ?

ಉಡುಪಿ ಜಿಲ್ಲೆಯ ಇನ್ನಂಜೆಯಿಂದ ಹೊರಟ ಕಾರು ಹೆದ್ದಾರಿ ಸೇರುವ ಮೊದಲೇ ಎರಡು ಬಗೆಯ ನೆಲ ದಾಟಿರುತ್ತದೆ. ಮನೆಯ ಗೇಟಿನಿಂದ ಹೊರಬೀಳುವುದು ಕೆಂಪು ಮಣ್ಣಿನ ಏರು. ಎರಡು ಮಳೆಗಾಲ ಕಳೆದರೆ ಮಣ್ಣು ತೊಳೆದುಹೋಗಿ ಮುರಕಲ್ಲು ಎದ್ದು ನಿಂತಿರುತ್ತದೆ. ಆಮೇಲೆ ಶಂಕರಪುರದ ಕಡೆಯ ಒಳರಸ್ತೆ. ಇಕ್ಕೆಲದ ಅಂಗಳಗಳಲ್ಲಿ ಮಲ್ಲಿಗೆ ಗಿಡ, ತಿರುವು ಕಳೆದರೆ ತಿರುವು, ಎದುರಿನಿಂದ ಬಸ್ಸು ಬಂದರೆ ಎಡಗಡೆಯ ಚಕ್ರ ಡಾಂಬರು ಬಿಟ್ಟು ಇಳಿಯಲೇಬೇಕು. ಕಟಪಾಡಿಯಲ್ಲಿ ಚತುಷ್ಪಥದ ರಾಷ್ಟ್ರೀಯ ಹೆದ್ದಾರಿ 66 ಸಿಗುತ್ತದೆ. ಪೂರ್ವಕ್ಕೆ ತಿರುಗಿದರೆ ಶಿರ್ವ, ಬೆಳ್ಮಣ್ ಹಾದು ಕಾರ್ಕಳ. ಘಟ್ಟ ಹತ್ತಬೇಕೆಂದರೆ ಮಣಿಪಾಲ, ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ. ಇಷ್ಟೆಲ್ಲಕ್ಕೂ ಒಂದೇ ಜತೆ ಟಯರ್. ಅದು ಸವೆದು ಹೊಸದು ಹಾಕಿಸುವ ದಿನ ಬಂದಾಗ ಟಯರ್ ಅಂಗಡಿಯಲ್ಲಿ ಒಂದು ಪ್ರಶ್ನೆ ಏಳುವುದು ಸಹಜ.

"ಅಣ್ಣ, ಈ ಸಲ ಒಂದು ಸೈಜ್ ಮೇಲೆ ಹಾಕುವನಾ?"

"ಹಾಕುವ, ಏನೂ ತೊಂದರೆ ಇಲ್ಲ, ತುಂಬಾ ಜನ ಹಾಕ್ತಾರೆ" ಎನ್ನುವ ಅಂಗಡಿಯವರಿದ್ದಾರೆ. "ಬೇಡ ಮಾರಾಯ್ರೆ, ಕಂಪೆನಿ ಕೊಟ್ಟದ್ದೇ ಇರಲಿ. ಮತ್ತೆ ಪಿಕಪ್ ಇಲ್ಲ, ಮೈಲೇಜ್ ಇಲ್ಲ ಅಂತ ನನ್ನ ಹತ್ತಿರವೇ ಬರ್ತೀರಿ" ಎನ್ನುವವರೂ ಇದ್ದಾರೆ. ಎರಡು ಮಾತಿನಲ್ಲೂ ಸತ್ಯವಿದೆ. ಯಾವುದು ಎಷ್ಟು ಸತ್ಯ ಎಂದು ತೂಗಲು ಬೇಕಾದ ಅಂಕಿ ಟಯರಿನ ಬದಿಯಲ್ಲೇ ಅಚ್ಚಾಗಿದೆ.

ನಮ್ಮ ರಸ್ತೆಗಳಲ್ಲಿ ಬಹಳ ಕಾಣುವ ಒಂದು ಸೈಜನ್ನೇ ತೆಗೆದುಕೊಳ್ಳೋಣ: 185/65 ಆರ್15 88ಎಚ್. ಟಯರಿನ ಅಗಲ 185 ಮಿಲಿಮೀಟರ್. ರಿಮ್ಮಿನಿಂದ ನೆಲದವರೆಗಿನ ಬದಿಗೋಡೆಯ ಎತ್ತರ ಆ ಅಗಲದ ಶೇಕಡ 65, ಅಂದರೆ 120 ಮಿ.ಮೀ. ರಿಮ್ 15 ಇಂಚು. 88 ಎಂಬುದು ಒಂದು ಟಯರ್ 560 ಕೆ.ಜಿ. ಹೊರಬಲ್ಲದು ಎಂಬ ಗುರುತು. ಎಚ್ ಎಂದರೆ ಗಂಟೆಗೆ 210 ಕಿ.ಮೀ.ವರೆಗೆ ತಾಳಿಕೆ. ಎಲ್ಲ ಕೂಡಿಸಿದರೆ ಚಕ್ರದ ಒಟ್ಟು ಎತ್ತರ 621.5 ಮಿ.ಮೀ. ಗೊಂದಲ ಶುರುವಾಗುವುದು ನಡುವಿನ ಆ 65ರಿಂದ. ಅದು ಶೇಕಡಾವಾರು ಆದ್ದರಿಂದ ಅಗಲ ಹೆಚ್ಚಿಸಿದರೆ ಎತ್ತರವೂ ತಾನಾಗಿ ಏರುತ್ತದೆ. 195/65 ಆರ್15 ಹಾಕಿದರೆ ಚಕ್ರ 634.5 ಮಿ.ಮೀ. ಆಗುತ್ತದೆ, 13 ಮಿ.ಮೀ. ಹೆಚ್ಚು. 205/65 ಹಾಕಿದರೆ 647.5. ಆದರೆ 195/60 ಹಾಕಿದರೆ 615ಕ್ಕೆ ಇಳಿಯುತ್ತದೆ. "ಒಂದು ಸೈಜ್ ಮೇಲೆ" ಎಂದು ಹಾಕಿಸಿಕೊಂಡ ಟಯರಿನಿಂದ ಕಾರು ಮೊದಲಿಗಿಂತ ಕೆಳಗೆ ಕೂರುವುದೂ ಉಂಟು.

ಕಂಪೆನಿ ಕೊಟ್ಟ ಸೈಜ್ ಮುಟ್ಟಲೇಬಾರದು ಎನ್ನುವವರಿಗೆ ಒಂದು ಉತ್ತರವನ್ನು ಕಾರು ಕಂಪೆನಿಗಳೇ ಕೊಟ್ಟಿವೆ. ಮಾರುತಿ ಸ್ವಿಫ್ಟ್ ಕಾರಿನ ಕಡಿಮೆ ಬೆಲೆಯ ಮಾದರಿಗೆ 165/80 ಆರ್14, ಹೆಚ್ಚು ಬೆಲೆಯದಕ್ಕೆ 185/65 ಆರ್15 ಬರುತ್ತಿತ್ತು. ಎಂಜಿನ್ ಅದೇ, ಬಾಡಿ ಅದೇ. ಚಕ್ರದ ಎತ್ತರ ಮೊದಲನೆಯದರಲ್ಲಿ 619.6, ಎರಡನೆಯದರಲ್ಲಿ 621.5, ವ್ಯತ್ಯಾಸ ಎರಡು ಮಿಲಿಮೀಟರೂ ಇಲ್ಲ. ಬಲೆನೊ ಕಾರಿನ 185/65 ಆರ್15 ಮತ್ತು 195/55 ಆರ್16 ನಡುವೆಯಂತೂ ಅರ್ಧ ಮಿಲಿಮೀಟರಿನಷ್ಟೇ ಅಂತರ. ಅಗಲ ಬದಲಾಯಿತು, ರಿಮ್ ದೊಡ್ಡದಾಯಿತು, ಎತ್ತರ ಮಾತ್ರ ಇದ್ದಲ್ಲೇ ಇತ್ತು. ಸೈಜ್ ಬದಲಿಸುವುದು ತಪ್ಪಲ್ಲ, ಆದರೆ ಎತ್ತರಕ್ಕೆ ಕೈ ಹಾಕುವಾಗ ಎಚ್ಚರ ಬೇಕು ಎನ್ನುವುದು ಇದರಿಂದಲೇ ತಿಳಿಯುತ್ತದೆ.

ಈಗ ಬದಲಿಸಬೇಕು ಎನ್ನುವವರ ಪಕ್ಷ. ಮೈಲೇಜಿನ ಪೈಪೋಟಿಯಲ್ಲಿರುವ ಕಂಪೆನಿಗಳು ಸಣ್ಣ ಕಾರುಗಳಿಗೆ ಸಾಧ್ಯವಾದಷ್ಟು ಕಿರಿದಾದ, ಸುಲಭವಾಗಿ ಉರುಳುವ ಟಯರ್ ಕೊಡುತ್ತವೆ. ಒಬ್ಬರೇ ಕಚೇರಿಗೆ ಹೋಗಿ ಬರುವುದಕ್ಕೆ ಅದು ಧಾರಾಳ ಸಾಕು. ಏಪ್ರಿಲ್–ಮೇಯಲ್ಲಿ ಕೋಲಕ್ಕೋ ಮದುವೆಗೋ ಮುಂಬಯಿಯಿಂದ ಊರಿಗೆ ಬರುವ ಕಾರುಗಳನ್ನು ನೋಡಿ: ಐದು ಜನ, ಡಿಕ್ಕಿ ತುಂಬ ಸಾಮಾನು, ಮರಳುವಾಗ ಅದರ ಮೇಲೆ ಹಲಸಿನಹಣ್ಣು, ಅಕ್ಕಿ ಚೀಲ. ಅಷ್ಟು ಭಾರ ಹೊತ್ತು ಹೆದ್ದಾರಿಯ ತಿರುವಿನಲ್ಲಿ 90ರಲ್ಲಿ ಹೋಗುವಾಗ ಕಿರಿದಾದ ಎತ್ತರದ ಟಯರ್ ಬದಿಗೆ ಬಾಗುವುದು ಸ್ಟೇರಿಂಗಿನಲ್ಲೇ ಗೊತ್ತಾಗುತ್ತದೆ. ಅಗಲದ ಟಯರ್ ಅಲ್ಲಿ ನಿಂತು ಕೊಡುತ್ತದೆ. 195/65 ಆರ್15 ಟಯರಿನಲ್ಲಿ ಸಾಮಾನ್ಯವಾಗಿ 91 ಎಂಬ ಗುರುತು ಇರುತ್ತದೆ, ಹೊರುವ ಶಕ್ತಿ 615 ಕೆ.ಜಿ. ನೆಲದಿಂದ ಕಾರಿನ ಎತ್ತರ ಆರು ಮಿಲಿಮೀಟರಿನಷ್ಟು ಹೆಚ್ಚುತ್ತದೆ. ಸಣ್ಣ ಲಾಭವೇ, ಆದರೆ ಊರಿನ ಹಂಪುಗಳ ಮೇಲೆ ಅಡಿ ತಾಗಿಸಿಕೊಂಡವರು ಅದನ್ನು ಸಣ್ಣದೆನ್ನುವುದಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಹರಡಿದೆ: ಟಯರ್ ಅಗಲವಾದರೆ ನೆಲ ಹಿಡಿಯುವ ಜಾಗವೂ ಅಷ್ಟೇ ದೊಡ್ಡದಾಗುತ್ತದೆ ಎಂದು. ಆ ಜಾಗವನ್ನು ಬಹುಮಟ್ಟಿಗೆ ನಿರ್ಧರಿಸುವುದು ಕಾರಿನ ಭಾರ ಮತ್ತು ಒಳಗಿನ ಗಾಳಿ. ಒಂದು ಚಕ್ರದ ಮೇಲೆ 300 ಕೆ.ಜಿ. ಭಾರ, 33 ಪಿ.ಎಸ್.ಐ. ಗಾಳಿ ಇದ್ದರೆ ನೆಲಕ್ಕೆ ತಾಗುವುದು ಸುಮಾರು 130 ಚದರ ಸೆಂಟಿಮೀಟರ್, ಒಂದು ಅಂಗೈಯಷ್ಟು. 165 ಇರಲಿ, 195 ಇರಲಿ, ಇದು ಹೆಚ್ಚು ಬದಲಾಗದು. ಬದಲಾಗುವುದು ಆಕಾರ. ಕಿರಿದಾದ ಟಯರಿನಲ್ಲಿ ಉದ್ದವಾದ ಗುರುತು, ಅಗಲದ್ದರಲ್ಲಿ ಅಡ್ಡವಾದ ಗುರುತು. ತಿರುವಿನಲ್ಲಿ ಅಡ್ಡ ಗುರುತು ಲಾಭ. ನೆಟ್ಟಗೆ ಓಡುವಾಗ, ಅದರಲ್ಲೂ ನೀರಿನ ಮೇಲೆ, ಆ ಲಾಭ ಉಳಿಯುವುದಿಲ್ಲ.

ಇನ್ನೊಂದು ಮಾತು ಹೇಳಿಬಿಡಬೇಕು. ಸೈಜ್ ಹೆಚ್ಚಿಸಿದವರು ಸಾಮಾನ್ಯವಾಗಿ ಅದೇ ಹೊತ್ತಿಗೆ ಕಂಪೆನಿಯ ಗಟ್ಟಿ ರಬ್ಬರಿನ ಟಯರ್ ಬಿಟ್ಟು ಮೆತ್ತಗಿನ, ಹೆಚ್ಚು ಬೆಲೆಯ ಟಯರನ್ನೂ ಹಾಕಿಸಿಕೊಂಡಿರುತ್ತಾರೆ. ಬ್ರೇಕ್ ಚೆನ್ನಾಯಿತು, ತಿರುವಿನಲ್ಲಿ ಹಿಡಿತ ಬಂತು ಎಂದರೆ ಅದರಲ್ಲಿ ಅರ್ಧ ಶ್ರೇಯ ಹತ್ತು ಮಿಲಿಮೀಟರ್ ಅಗಲಕ್ಕಲ್ಲ, ರಬ್ಬರಿಗೆ ಸಲ್ಲಬೇಕು. ಅಳತೆ ಬದಲಿಸದೆಯೂ ಅದನ್ನು ಕೊಳ್ಳಬಹುದಿತ್ತು.

ಇನ್ನು ಮಳೆಯ ಮಾತು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುತ್ತದೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹೆದ್ದಾರಿಯಲ್ಲಿ ಮೇಲ್ಸೇತುವೆ ಇಳಿಯುವಲ್ಲಿ, ಡಿವೈಡರಿನ ಪಕ್ಕದಲ್ಲಿ, ಸರ್ವಿಸ್ ರಸ್ತೆ ಸೇರುವಲ್ಲಿ ನೀರು ನಿಲ್ಲುವುದನ್ನು ಇಲ್ಲಿ ಓಡಾಡುವವರಿಗೆ ಹೇಳಬೇಕಾಗಿಲ್ಲ. ನೀರಿನ ಮೇಲೆ ವೇಗವಾಗಿ ಓಡುವ ಚಕ್ರ ನೆಲ ಬಿಟ್ಟು ತೇಲುತ್ತದೆ. ಒಂದು ಕ್ಷಣ ಸ್ಟೇರಿಂಗ್ ಹಗುರವಾಗಿ ಕೈಯಲ್ಲಿ ಏನೂ ಇಲ್ಲದಂತೆ ಆಗುತ್ತದೆ. ಅಗಲದ ಟಯರ್ ಪಕ್ಕಕ್ಕೆ ಸರಿಸಬೇಕಾದ ನೀರು ಹೆಚ್ಚು, ದೋಣಿಯ ಹುಟ್ಟಿನ ಅಗಲ ಮುಖ ನೀರಿಗೆ ಎದುರಾದಂತೆ. ಹಾಗಾಗಿ ಅಗಲದ್ದು ಬೇಗ ತೇಲುತ್ತದೆ ಎನ್ನುವುದು ಬೇಡ ಎನ್ನುವವರ ಬಲವಾದ ವಾದ. ಕರಾವಳಿಯ ಮಟ್ಟಿಗೆ ಇದಕ್ಕಿಂತ ತೂಕದ ವಾದ ಇನ್ನೊಂದಿಲ್ಲ.

ಆದರೂ ಇದಕ್ಕೆ ಎದುರು ಮಾತಿಲ್ಲವೆಂದಲ್ಲ. 1960ರ ದಶಕದ ಆರಂಭದಲ್ಲಿ ನಾಸಾ ಸಂಸ್ಥೆ ವಿಮಾನದ ಚಕ್ರಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಒಂದು ಸೂತ್ರ ಬಂತು. ಅದರ ಪ್ರಕಾರ ತೇಲುವ ವೇಗ ಗಾಳಿಯ ಒತ್ತಡದ ವರ್ಗಮೂಲವನ್ನು ಅನುಸರಿಸುತ್ತದೆ. ಅಗಲದ ಪ್ರಸ್ತಾಪವೇ ಅದರಲ್ಲಿ ಇಲ್ಲ. 33 ಪಿ.ಎಸ್.ಐ. ಇದ್ದರೆ ಗಂಟೆಗೆ ಸುಮಾರು 95 ಕಿ.ಮೀ., 25ಕ್ಕೆ ಇಳಿದಿದ್ದರೆ ಸುಮಾರು 83. ವಿಮಾನದ ಲೆಕ್ಕವನ್ನು ಕಾರಿಗೆ ಹಾಗೆಯೇ ಅಂಟಿಸಲಾಗದು, ಕಾರಿನ ಟಯರಿನಲ್ಲಿ ಅಗಲಕ್ಕೂ ಪಾತ್ರವಿದೆ. ಆದರೆ ಒಂದು ಸಂಗತಿಯನ್ನು ಅದು ಸರಿಯಾಗಿಯೇ ತೋರಿಸುತ್ತದೆ: ಎಂಟು ಪಿ.ಎಸ್.ಐ. ಗಾಳಿ ಕಡಿಮೆ ಇಟ್ಟುಕೊಂಡು ಓಡಾಡುವವರು ಹತ್ತು ಮಿಲಿಮೀಟರ್ ಅಗಲದ ಬಗ್ಗೆ ಚಿಂತಿಸುವುದು ವ್ಯರ್ಥ. ಟಯರಿನ ಕಚ್ಚಿನ (ಟ್ರೆಡ್) ಆಳವೂ ಹಾಗೆಯೇ. ಕಾನೂನಿನ ಪ್ರಕಾರ ಕಾರಿನ ಟಯರಿನ ಕಚ್ಚು 1.6 ಮಿ.ಮೀ.ಗಿಂತ ಕಡಿಮೆಯಾಗಬಾರದು. ನಮ್ಮ ಮಳೆಗೆ 1.6 ತೀರಾ ಕೊನೆಯ ಗೆರೆ. ಮೂರಕ್ಕೆ ಬಂದಾಗಲೇ ಬದಲಿಸಬೇಕೆಂಬುದು ನನ್ನ ಅಭಿಪ್ರಾಯ. ಸವೆದ 185ಕ್ಕಿಂತ ಹೊಸ 195 ಮಳೆಯಲ್ಲಿ ಎಷ್ಟೋ ಮೇಲು.

ಇನ್ನು ಹೊಂದಿಕೆಯ ವಿಷಯ. ಟಯರ್ ಅಂಗಡಿಯ ಜಾಕ್ ಮೇಲೆ ನಿಂತ ಖಾಲಿ ಕಾರಿಗೆ ಹೆಚ್ಚುಕಡಿಮೆ ಯಾವ ಟಯರ್ ಆದರೂ ಸರಿಯಾಗಿ ಕೂತಂತೆ ಕಾಣುತ್ತದೆ. ತೊಂದರೆ ಆಮೇಲೆ. ಹಿಂದೆ ಮೂರು ಜನ ಕೂತು, ಸ್ಟೇರಿಂಗ್ ಪೂರ್ತಿ ತಿರುಗಿಸಿ, ಗೇಟಿನ ಏರಿನಲ್ಲಿ ಒಂದು ಚಕ್ರ ಮೇಲೆದ್ದಾಗ 'ಗರ್' ಎಂಬ ಸದ್ದು ಬರುತ್ತದೆ. ಬಗ್ಗಿ ಕೈ ಹಾಕಿ ನೋಡಿದರೆ ಮುಂದಿನ ಚಕ್ರದ ಮೇಲಿನ ಕಪ್ಪು ಪ್ಲಾಸ್ಟಿಕ್ ಹೊದಿಕೆಯಲ್ಲಿ ಅರ್ಧಚಂದ್ರದ ಆಕಾರದಲ್ಲಿ ಉಜ್ಜಿ ಹೊಳಪು ಬಂದಿರುತ್ತದೆ. ಇನ್ನೂ ಕೆಟ್ಟದ್ದು ಒಳಬದಿ: ಟಯರ್ ಶಾಕ್ ಅಬ್ಸಾರ್ಬರಿಗೆ ತಾಗಿದರೆ ಬದಿಗೋಡೆ ಕೊಯ್ದುಹೋಗುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಬೇಸಿಗೆಯಲ್ಲಿ ಬೆರಳು ತೂರುವಷ್ಟು ಜಾಗವಿದ್ದರೂ ಮಳೆಗಾಲದಲ್ಲಿ ಕೆಂಪು ಮಣ್ಣು ಮೆತ್ತಿಕೊಂಡಾಗ ಆ ಜಾಗವೂ ಇರುವುದಿಲ್ಲ. ಹಾಗಾಗಿ ತುಂಬಿದ ಕಾರಿನಲ್ಲೇ ಪರೀಕ್ಷಿಸಬೇಕು.

ರಿಮ್ಮಿನ ಅಗಲವನ್ನು ಕೇಳುವವರು ಕಡಿಮೆ. 185/65 ಆರ್15 ಟಯರಿಗೆ 5ರಿಂದ 6.5 ಇಂಚು ಅಗಲದ ರಿಮ್ ನಡೆಯುತ್ತದೆ. 195/65 ಆರ್15ಕ್ಕೆ ಕನಿಷ್ಠ 5.5 ಬೇಕು. ಐದಿಂಚಿನ ರಿಮ್ಮಿಗೆ ಅಗಲದ ಟಯರ್ ಏರಿಸಿದರೆ ಅದು ನಡುವೆ ಉಬ್ಬುತ್ತದೆ, ನಡುವೆಯೇ ಸವೆಯುತ್ತದೆ, ತಿರುವಿನಲ್ಲಿ ಮೊದಲಿಗಿಂತ ಹೆಚ್ಚು ತೊನೆಯುತ್ತದೆ. ಅಂದರೆ ಯಾವುದಕ್ಕಾಗಿ ಹಾಕಿಸಿದರೋ ಅದೇ ಕೆಡುತ್ತದೆ. ಹೊರಗಿನ ಅಲಾಯ್ ಚಕ್ರ ಕೊಳ್ಳುವವರು ಬೋಲ್ಟಿನ ಅಂತರ ಹೊಂದಿದರೆ ಸಾಕೆಂದುಕೊಳ್ಳುತ್ತಾರೆ. ಸ್ವಿಫ್ಟಿಗೂ ಐ20ಗೂ ನಾಲ್ಕು ಬೋಲ್ಟ್, 100 ಮಿ.ಮೀ. ವೃತ್ತ, ನಡುವಿನ ತೂತು 54.1 ಮಿ.ಮೀ. ಹೊರಗಿನ ಅಲಾಯ್‌ಗಳಲ್ಲಿ ಈ ತೂತು ಸಾಮಾನ್ಯವಾಗಿ ದೊಡ್ಡದು. ನಡುವೆ ಸರಿಯಾದ ರಿಂಗ್ ಹಾಕದಿದ್ದರೆ 80 ದಾಟಿದ ಕೂಡಲೇ ಸ್ಟೇರಿಂಗ್ ನಡುಗಲು ಶುರು. ಎಷ್ಟು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗದು.

ದೊಡ್ಡ ರಿಮ್, ತೆಳು ಟಯರಿನ ಮೋಹ ಬಂಟಕಲ್ಲು, ಮಣಿಪಾಲದ ಕಾಲೇಜು ಹುಡುಗರ ಕಾರುಗಳಲ್ಲಿ ಹೆಚ್ಚು. ನೋಡಲು ಚೆಂದ ಎಂಬುದನ್ನು ಅಲ್ಲಗಳೆಯುವುದಿಲ್ಲ. 185/65 ಆರ್15 ಇರುವ ಕಾರಿಗೆ 205/45 ಆರ್17 ಹಾಕಿದರೆ ಒಟ್ಟು ಎತ್ತರ 616.3 ಮಿ.ಮೀ., ಶೇ. 0.8 ಮಾತ್ರ ಕಡಿಮೆ, ಲೆಕ್ಕದಲ್ಲಿ ದೋಷವಿಲ್ಲ. ಸ್ಟೇರಿಂಗ್ ತಿರುಗಿಸಿದ ಕೂಡಲೇ ಕಾರು ತಿರುಗುತ್ತದೆ, ಆ ಚುರುಕು ನಿಜವೇ. ಆದರೆ ಬದಿಗೋಡೆ 120ರಿಂದ 92 ಮಿ.ಮೀ.ಗೆ ಇಳಿದಿರುತ್ತದೆ. ಜುಲೈ ತಿಂಗಳಲ್ಲಿ ನೀರು ತುಂಬಿದ ಹೊಂಡದ ಆಳ ಕಾಣುವುದಿಲ್ಲ; ಅದರಲ್ಲಿ ಇಳಿದಾಗ ಆ 28 ಮಿ.ಮೀ. ರಬ್ಬರು ತಡೆಯಬೇಕಿದ್ದ ಪೆಟ್ಟನ್ನು ರಿಮ್ ತಿನ್ನುತ್ತದೆ. ರಿಮ್ ಬೆಂಡ್ ಆಗುತ್ತದೆ ಅಥವಾ ಟಯರಿನ ಬದಿಯಲ್ಲಿ ಗುಳ್ಳೆ ಏಳುತ್ತದೆ. ಗುಳ್ಳೆ ಎದ್ದ ಟಯರಿಗೆ ರಿಪೇರಿ ಇಲ್ಲ. ಜಾಗತಿಕ ರ‍್ಯಾಲಿ ಪಂದ್ಯಗಳಲ್ಲಿ ಡಾಂಬರಿಗೆ 18 ಇಂಚಿನ ರಿಮ್ಮಿನ ತೆಳು ಟಯರ್ ಹಾಕುವ ತಂಡಗಳೇ ಕಲ್ಲುಮಣ್ಣಿನ ಹಾದಿಗೆ 15 ಇಂಚಿನ ಸಣ್ಣ ರಿಮ್, ಎತ್ತರದ ಬದಿಗೋಡೆಗೆ ಬದಲಾಗುತ್ತವೆ. ಹಣಕ್ಕೆ ಕೊರತೆ ಇಲ್ಲದ, ವೇಗವೇ ಗುರಿಯಾದ ತಂಡಗಳ ಆಯ್ಕೆ ಅದು. ನಮ್ಮ ಕಾರು ಎರಡೂ ಬಗೆಯ ಹಾದಿಯನ್ನು ಒಂದೇ ಬೆಳಗ್ಗೆ ಓಡಬೇಕು. ಆದ್ದರಿಂದ 17 ಇಂಚಿನ ವಿಷಯದಲ್ಲಿ ನಾನು ಎರಡೂ ಕಡೆಗೆ ಸಮನಾಗಿ ತೂಗಲಾರೆ.

ಬೊಲೆರೊದಂಥ ಗಾಡಿಯ ನ್ಯಾಯ ಬೇರೆ. ಅದಕ್ಕೆ ಬರುವ 215/75 ಆರ್15 ಬದಲು 235/75 ಹಾಕಿಸುವುದು ಕಾರ್ಕಳ, ಹೆಬ್ರಿಯಂಥ ಗುಡ್ಡದ ಕಡೆ ತೋಟಕ್ಕೆ ಹೋಗಿ ಬರುವವರಿಗೆ ಉಪಯುಕ್ತವೇ. ಚಕ್ರ 703.5ರಿಂದ 733.5 ಮಿ.ಮೀ. ಆಗುತ್ತದೆ, ಗಾಡಿಯ ಅಡಿ 15 ಮಿ.ಮೀ. ಮೇಲೇಳುತ್ತದೆ, ಕಲ್ಲಿನ ಪೆಟ್ಟಿಗೆ ಹೆಚ್ಚು ರಬ್ಬರು ಸಿಗುತ್ತದೆ. ಡೀಸೆಲ್ ಎಂಜಿನ್ ಕಡಿಮೆ ಸುತ್ತಿನಲ್ಲೇ ಎಳೆಯುವುದರಿಂದ ದೊಡ್ಡ ಚಕ್ರವನ್ನು ತಿರುಗಿಸಲು ಹೆಣಗುವುದಿಲ್ಲ. 1.2 ಲೀಟರ್ ಪೆಟ್ರೋಲ್ ಕಾರಿಗೆ ಅದೇ ಶೇ. 4 ಹೆಚ್ಚಿಸಿದರೆ ಕಥೆ ಬೇರೆಯಾಗುತ್ತದೆ. ಚಕ್ರದ ಎತ್ತರ ಹೆಚ್ಚಿದಷ್ಟೂ ಪ್ರತಿ ಗೇರೂ ಭಾರವಾಗುತ್ತದೆ. ಸೋಮೇಶ್ವರ ದಾಟಿ ಆಗುಂಬೆಯ ಹದಿನಾಲ್ಕು ಹಿಮ್ಮುರಿ ತಿರುವುಗಳನ್ನು ಹತ್ತುವಾಗ, ಎರಡನೇ ಗೇರಿನಲ್ಲಿ ಎಳೆಯುತ್ತಿದ್ದ ತಿರುವಿನಲ್ಲಿ ಒಂದಕ್ಕೆ ಇಳಿಸಬೇಕಾಗುತ್ತದೆ. ಇಳಿಯುವಾಗಲೂ ಅಷ್ಟೇ: ಎಂಜಿನ್ ಹಿಡಿಯುವ ಹಿಡಿತ ಸ್ವಲ್ಪ ಸಡಿಲ, ಬ್ರೇಕಿಗೆ ಕೆಲಸ ಹೆಚ್ಚು.

ಇಷ್ಟರ ಮೇಲೆ ಬರುವುದು ಮೀಟರಿನ ಪ್ರಶ್ನೆ. ಚರ್ಚೆ ಅತಿ ಹೆಚ್ಚು ನಡೆಯುವುದೂ, ಲೆಕ್ಕ ಅತಿ ಕಡಿಮೆ ಹಾಕುವುದೂ ಇದರ ಬಗ್ಗೆಯೇ.

ಸ್ಪೀಡೋಮೀಟರ್ ರಸ್ತೆಯನ್ನು ನೋಡುವುದಿಲ್ಲ. ಗೇರ್‌ಬಾಕ್ಸಿನಲ್ಲೋ ಚಕ್ರದ ಬಳಿಯೋ ಇರುವ ಸೆನ್ಸರ್ ಸುತ್ತುಗಳನ್ನು ಎಣಿಸುತ್ತದೆ. ಒಂದು ಸುತ್ತಿಗೆ ಇಷ್ಟು ದೂರ ಎಂದು ಕಾರ್ಖಾನೆಯಲ್ಲಿ ಹೇಳಿಕೊಟ್ಟದ್ದನ್ನು ನಂಬುತ್ತದೆ. 185/65 ಆರ್15 ಚಕ್ರ ಒಂದು ಕಿಲೋಮೀಟರಿಗೆ ಸುಮಾರು 512 ಸುತ್ತು ತಿರುಗುತ್ತದೆ. 195/65 ಆದರೆ ಸುಮಾರು 502 ಸುತ್ತು ಸಾಕು. ಹತ್ತು ಸುತ್ತು ಕಡಿಮೆಯಾದದ್ದು ಮೀಟರಿಗೆ ತಿಳಿಯದು. ಅದು ದೂರವನ್ನೂ ವೇಗವನ್ನೂ ಶೇ. 2.1ರಷ್ಟು ಕಡಿಮೆ ತೋರಿಸುತ್ತದೆ.

ಹಾಗಾದರೆ 80 ಎಂದು ಮುಳ್ಳು ತೋರಿಸುವಾಗ ನಿಜವಾಗಿ 81.7ರಲ್ಲಿ ಹೋಗುತ್ತಿದ್ದೇವೆಯೇ? ಅದೂ ಇಲ್ಲ. ಹಲವು ದೇಶಗಳು ಒಪ್ಪಿರುವ ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ಪ್ರಕಾರ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಎಂದೂ ಕಡಿಮೆ ತೋರಿಸಬಾರದು. ಹೆಚ್ಚು ತೋರಿಸಿದರೆ ನಿಜವೇಗದ ಶೇ. 10 ಮತ್ತು ಮೇಲೆ ನಾಲ್ಕು ಕಿ.ಮೀ. ಮೀರಬಾರದು. ನಿಜವಾಗಿ 80ರಲ್ಲಿ ಹೋಗುವಾಗ 92ರವರೆಗೆ ತೋರಿಸಲು ಅವಕಾಶವಿದೆ. ಆದ್ದರಿಂದ ಕಂಪೆನಿಗಳು ಬೇಕೆಂದೇ ಮೂರು-ನಾಲ್ಕು ಕಿ.ಮೀ. ಹೆಚ್ಚು ತೋರಿಸುವಂತೆ ಮಾಡಿರುತ್ತವೆ. ಮುಳ್ಳು 80ರಲ್ಲಿದ್ದಾಗ ನಿಜವೇಗ 76 ಇರುವ ಕಾರಿಗೆ 195/65 ಹಾಕಿದರೆ ನಿಜವೇಗ 77.6 ಆಗುತ್ತದೆ, 205/65 ಹಾಕಿದರೆ 79.2. ಮೀಟರ್ ಸುಳ್ಳಾಗಲಿಲ್ಲ, ಮೊದಲಿಗಿಂತ ನಿಜಕ್ಕೆ ಹತ್ತಿರ ಬಂತು! ಬದಲಿಸುವವರ ಪಕ್ಷಕ್ಕೆ ಇದು ಒಳ್ಳೆಯ ಆಯುಧ. ಆದರೆ ಕಂಪೆನಿ ಕೊಟ್ಟಿದ್ದ ಆ ರಕ್ಷಣೆಯನ್ನು ತಿಂದುಹಾಕಿ ಬಂದ ನಿಖರತೆ ಅದು. ಶೇ. 5 ದಾಟಿದರೆ ಮೀಟರ್ ನಿಜಕ್ಕಿಂತ ಕಡಿಮೆ ತೋರಿಸಲು ಶುರುಮಾಡುತ್ತದೆ. 80ರ ಮಿತಿಯಲ್ಲಿ 80ರಲ್ಲೇ ಹೋಗುತ್ತಿದ್ದೇನೆ ಎಂದು ನಂಬಿದವರಿಗೆ ಕ್ಯಾಮೆರಾದ ದಂಡ ಬಂದಾಗ ಟಯರ್ ಅಂಗಡಿಯವರು ಪಾಲು ಕೊಡುವುದಿಲ್ಲ.

ಇನ್ನೊಂದು ಲೆಕ್ಕ ನೋಡಿ. ಹೊಸ ಟಯರಿನ ಕಚ್ಚಿನ ಆಳ ಸುಮಾರು ಎಂಟು ಮಿ.ಮೀ. ಅದು 1.6ಕ್ಕೆ ಸವೆಯುವಾಗ ಚಕ್ರದ ಎತ್ತರ 12.8 ಮಿ.ಮೀ. ಇಳಿದು 608.7 ಆಗಿರುತ್ತದೆ, ಶೇ. 2ರಷ್ಟು ಕಡಿಮೆ. ಅಂದರೆ ಒಂದೇ ಟಯರ್ ತನ್ನ ಆಯುಸ್ಸಿನಲ್ಲಿ ಮೀಟರಿಗೆ ಮಾಡುವ ವ್ಯತ್ಯಾಸವೂ, 185ರಿಂದ 195ಕ್ಕೆ ಹೋದರೆ ಆಗುವ ವ್ಯತ್ಯಾಸವೂ ಹೆಚ್ಚುಕಡಿಮೆ ಒಂದೇ. ಶೇ. 2ಕ್ಕೆ ಗಾಬರಿಯಾಗುವುದರಲ್ಲಿ ಅರ್ಥವಿಲ್ಲ ಎನ್ನುವವರಿಗೆ ಇದು ಸಾಕ್ಷಿ. ಆದರೆ ಇದರ ಇನ್ನೊಂದು ಮುಖವೂ ಇದೆ. ಸವೆದ 185 ತೆಗೆದು ಹೊಸ 195 ಹಾಕಿಸಿಕೊಂಡವರು ಒಂದೇ ದಿನದಲ್ಲಿ 608.7ರಿಂದ 634.5ಕ್ಕೆ ಹಾರಿರುತ್ತಾರೆ, ಶೇ. 4ಕ್ಕೂ ಮೇಲೆ. "ನಿನ್ನೆಯವರೆಗೆ ಚೆನ್ನಾಗಿ ಎಳೀತಿತ್ತು, ಇವತ್ತು ಪಿಕಪ್ಪೇ ಇಲ್ಲ" ಎಂಬ ದೂರಿನ ಮೂಲ ಇಲ್ಲಿದೆ. ಅರ್ಧ ಹೊಸ ಟಯರಿನದು, ಅರ್ಧ ದೊಡ್ಡ ಟಯರಿನದು.

ಮೈಲೇಜಿನ ಜಗಳಕ್ಕೂ ಇದೇ ಉತ್ತರ. ನಿಜವಾಗಿ ಲೀಟರಿಗೆ 20 ಕಿ.ಮೀ. ಕೊಡುವ ಕಾರು ಸವೆದ ಟಯರಿನಲ್ಲಿ ಮೀಟರಿನ ಪ್ರಕಾರ 20.4 ತೋರಿಸುತ್ತಿತ್ತು. 195 ಹಾಕಿದ ಮೇಲೆ ಅದೇ ದೂರಕ್ಕೆ ಅಷ್ಟೇ ಪೆಟ್ರೋಲ್ ಸುಟ್ಟರೂ 19.6 ತೋರಿಸುತ್ತದೆ. ಒಂದು ಹನಿ ಹೆಚ್ಚು ಖರ್ಚಾಗದೆ 0.8 ಕಿ.ಮೀ. ಮಾಯ. ಅಗಲ ಹೆಚ್ಚಿದ್ದರಿಂದ, ಟಯರಿನ ತೂಕ ಹೆಚ್ಚಿದ್ದರಿಂದ ನಿಜವಾದ ನಷ್ಟವೂ ಸ್ವಲ್ಪ ಇದೆ, ಇಲ್ಲವೆಂದಲ್ಲ. ಆದರೆ ಟ್ಯಾಂಕಿನಿಂದ ಟ್ಯಾಂಕಿಗೆ ಲೆಕ್ಕ ಹಾಕಿ ಟಯರನ್ನು ಬೈಯುವವರು ಮೊದಲು ಮೀಟರನ್ನು ಸರಿಪಡಿಸಿಕೊಳ್ಳಬೇಕು. ಇದರ ತಿರುವುಮುರುವೂ ನಡೆಯುತ್ತದೆ: 195/50 ಆರ್16 ಹಾಕಿಸಿದರೆ ಚಕ್ರ 601.4 ಮಿ.ಮೀ.ಗೆ ಇಳಿಯುತ್ತದೆ, ಮೀಟರ್ ಶೇ. 3ಕ್ಕೂ ಹೆಚ್ಚು ಓಡುತ್ತದೆ, ಮೈಲೇಜ್ ಏರಿತೆಂದು ಜಂಬ ಕೊಚ್ಚಿಕೊಳ್ಳಬಹುದು. ಕಿಲೋಮೀಟರ್ ಲೆಕ್ಕದಲ್ಲಿ ಬಾಡಿಗೆಗೆ ಹೋಗುವ ಕಾರಿಗೆ ಸಣ್ಣ ಚಕ್ರವಿದ್ದರೆ 200 ಕಿ.ಮೀ. ಓಡಾಟ 206 ಎಂದು ಬಿಲ್ ಆಗುತ್ತದೆ. ದೊಡ್ಡ ಚಕ್ರವಿದ್ದರೆ ನಷ್ಟ ಕಾರಿನವರದ್ದು.

ಕಾನೂನಿನ ಮಾತು ಚುಟುಕಾಗಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಗ್ಗೆ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೀರ್ಪು ಕೊಟ್ಟಿತು: ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. ಅದೇ ವರ್ಷದ ತಿದ್ದುಪಡಿಯಲ್ಲಿ ಕಾನೂನು ಮೀರಿದ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ ಬಂತು, ಆರು ತಿಂಗಳವರೆಗೆ ಸಜೆಗೂ ಅವಕಾಶವಾಯಿತು. ಹತ್ತು ಮಿಲಿಮೀಟರ್ ಅಗಲ ಹೆಚ್ಚಿಸಿದ್ದಕ್ಕೆ ರಸ್ತೆಯಲ್ಲಿ ನಿಲ್ಲಿಸಿ ಅಳೆಯುವವರು ಯಾರೂ ಇಲ್ಲ ಎನ್ನುವುದು ವ್ಯವಹಾರದ ಮಾತು. ಅಪಘಾತವಾಗಿ ವಿಮೆಯ ಸರ್ವೇಯರ್ ಬಂದು ನಿಂತಾಗ ಆ ಮಾತು ನೆರವಿಗೆ ಬರದು. ನಿಮ್ಮದೇ ಮಾದರಿಯ ಹೆಚ್ಚಿನ ಬೆಲೆಯ ಕಾರಿಗೆ ಕಂಪೆನಿಯೇ ಕೊಟ್ಟಿರುವ ಸೈಜ್ ಆದರೆ ನಿಮ್ಮ ಪಕ್ಷ ಗಟ್ಟಿ. ವಾರಂಟಿಯ ಪ್ರಶ್ನೆ ಬಂದಾಗಲೂ ಅಷ್ಟೇ.

ಎರಡೂ ಕಡೆ ತೂಗಿದ ಮೇಲೆ ನನ್ನ ತೀರ್ಮಾನ ಹೀಗಿದೆ. 14 ಇಂಚಿನ 165 ಟಯರಿನ ಕಾರಿದ್ದು, ಅದೇ ಕಾರಿಗೆ ಕಂಪೆನಿ 15 ಇಂಚಿನ 185 ಕೊಡುತ್ತಿದ್ದರೆ, ರಿಮ್ ಸಮೇತ ಅದಕ್ಕೆ ಬದಲಾಗುವುದರಲ್ಲಿ ಲಾಭವೇ ಹೆಚ್ಚು. ಹೆದ್ದಾರಿಯಲ್ಲಿ ಓಡಾಟ ಜಾಸ್ತಿ ಇರುವವರು ಧೈರ್ಯವಾಗಿ ಮಾಡಬಹುದು. 185/65 ಇದ್ದವರು ಶಿಫಾರಸಿನ ಹೊರಗಿನ 195/65ಕ್ಕೆ ಹೋದರೆ ಮೀಟರ್ ಕೆಡುವುದಿಲ್ಲ, ಆದರೆ ಸಿಗುವ ಲಾಭವೂ ಮಾತಿನಷ್ಟು ದೊಡ್ಡದಲ್ಲ. ಆ ಹಣಕ್ಕೆ ಅದೇ ಸೈಜಿನಲ್ಲಿ ಒಳ್ಳೆಯ ರಬ್ಬರ್ ಕೊಳ್ಳುವುದು ಜಾಣತನ. 205 ಸಣ್ಣ ಪೆಟ್ರೋಲ್ ಕಾರಿಗೆ ಬೇಡ. ತೆಳು ಟಯರಿನ 17 ಇಂಚು ನಮ್ಮ ಮಳೆಗಾಲಕ್ಕೆ ಬೇಡವೇ ಬೇಡ.

ಅಂಗಡಿಗೆ ಹೋಗುವ ಮೊದಲು ಚಾಲಕನ ಬಾಗಿಲು ತೆರೆದು ಚೌಕಟ್ಟಿನ ಮೇಲೆ ಅಂಟಿಸಿರುವ ಚೀಟಿ ಓದಿಕೊಳ್ಳಿ. ಕಂಪೆನಿ ಒಪ್ಪಿದ ಸೈಜುಗಳೂ, ಖಾಲಿ ಕಾರಿಗೆ ಎಷ್ಟು ಗಾಳಿ, ತುಂಬಿದ ಕಾರಿಗೆ ಎಷ್ಟು ಎಂಬುದೂ ಅದರಲ್ಲಿ ಇರುತ್ತವೆ. ಬದಲಿಸುವುದೇ ಆದರೆ ನಾಲ್ಕನ್ನೂ ಒಟ್ಟಿಗೆ ಬದಲಿಸಿ. ಹಿಂದೊಂದು ಮುಂದೊಂದು ಸೈಜ್ ಇದ್ದರೆ ಸುತ್ತು ಎಣಿಸಿ ಕೆಲಸ ಮಾಡುವ ಎ.ಬಿ.ಎಸ್. ಬ್ರೇಕಿಗೆ ಗೊಂದಲವಾಗುತ್ತದೆ. ಹಾಕಿಸಿದ ಮೇಲೆ ಹೆದ್ದಾರಿಯ ನೇರ ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುತ್ತ, ಮೊಬೈಲಿನ ಜಿ.ಪಿ.ಎಸ್. ಎಷ್ಟು ತೋರಿಸುತ್ತದೆಂದು ಪಕ್ಕದಲ್ಲಿ ಕೂತವರಿಂದ ಓದಿಸಿ. ಮೀಟರಿನ ಅಂಕಿ ಅದಕ್ಕಿಂತ ಕಡಿಮೆ ಬಂದರೆ ಆ ಸೈಜ್ ನಿಮ್ಮ ಕಾರಿಗಲ್ಲ, ತೆಗೆಸಿಬಿಡಿ. ಸ್ಟೆಪ್ನಿ ಹಳೆಯ ಸೈಜಿನದ್ದೇ ಉಳಿದಿದ್ದರೆ, ಅದು ಪಂಕ್ಚರ್ ಅಂಗಡಿಯವರೆಗೆ ನಿಧಾನವಾಗಿ ಹೋಗಲು ಮಾತ್ರ ಎಂದು ತಿಳಿಯಿರಿ. ಅದನ್ನೇ ಹಾಕಿಕೊಂಡು ಆಗುಂಬೆ ಹತ್ತಬೇಡಿ.